ಇಪ್ಪತ್ತನಾಲ್ಕರಲ್ಲಿ ಒಂದು ಪಾಲು

ಕಾರಿನ ವಿಷಯ ಬರೆಯುತ್ತೇನೆಂದರೆ ನನ್ನ ಗೆಳತಿಯರು ನಗುತ್ತಾರೆ. ನಗಲಿ. ನನಗೆ ಕಾರು ನಡೆಸಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಕಾರಿದ್ದ ದಿನಗಳಲ್ಲೂ ಬುಟ್ಟಿ, ಚೀಲ, ಮಕ್ಕಳ ನಡುವೆ ಹಿಂದಿನ ಸೀಟಿನಲ್ಲಿ ಕೂತವಳೇ ಹೊರತು ಬಾನೆಟ್ಟಿನ ಕೆಳಗೆ ಏನಿದೆಯೆಂದು ಇಣುಕಿ ನೋಡಿದವಳಲ್ಲ. ಆದರೆ 1924ರಲ್ಲಿ ಫ್ರಾನ್ಸಿನ ಮೋಲ್ಸೈಮ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಬುಗಾಟಿ ರೇಸಿನ ಕಾರಿನ ಮುಂದಿನ ಆಕ್ಸಲ್ಲು ಹೇಗಿತ್ತು, ಸ್ಪ್ರಿಂಗಿನ ಪಟ್ಟಿ ಅದರೊಳಗೆ ತೂರಿ ಹೇಗೆ ಹಾದುಹೋಗುತ್ತಿತ್ತು, ಗಾಲಿಗೆ ಎಷ್ಟು ಕಡ್ಡಿಗಳಿದ್ದವು, ಗೇರಿನ ಹಿಡಿ ಏಕೆ ಮೈಯಿಂದ ಹೊರಗೆ ಇತ್ತು, ಇಷ್ಟನ್ನು ಈಗ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಯಾಕೆಂದರೆ ಆ ಕಾರನ್ನು ನಾನು ಕಟ್ಟಿದ್ದೇನೆ. ಉದ್ದ ಒಂದು ಗೇಣೂ ಇಲ್ಲ, ಹದಿನೈದು ಸೆಂಟಿಮೀಟರು ಚಿಲ್ಲರೆ. ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿದ್ದು, ಮುಗಿಯುವ ಹೊತ್ತಿಗೆ ಯುಗಾದಿ ಬಂದಿತ್ತು.

ಕಿಟ್ಟು ಬಂದದ್ದು ನನಗಲ್ಲ, ನಮ್ಮವರಿಗೆ. ಹಾಸನದ ಮನೆಗೆ ರಜಕ್ಕೆ ಬಂದಿದ್ದ ಮೈದುನನ ಮಗ ಜರ್ಮನಿಯಿಂದ ತಂದುಕೊಟ್ಟ. ನಮ್ಮವರು ಮೂವತ್ತೊಂದು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಲೇತು, ಅರ, ಬೈಸು ಹಿಡಿಯುವುದನ್ನು ಕಲಿಸಿದವರು. ಅವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾರಿಗೂ ಹೊಳೆಯಲಾರದು. ಆದರೆ ಆ ಹುಡುಗ ಊರು ಬಿಟ್ಟು ನಾಲ್ಕು ವರ್ಷವಾಗಿತ್ತು. ದೊಡ್ಡಪ್ಪನ ಬಲಗೈ ಕಾಫಿ ಲೋಟವನ್ನೂ ನೆಟ್ಟಗೆ ಹಿಡಿಯದ ಹಾಗಾಗಿದೆಯೆಂದು ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಎಂದು ಹೆಸರಿಟ್ಟಿದ್ದಾರೆ. ನಾವು ಮನೆಯಲ್ಲಿ ಕೈನಡುಕ ಎನ್ನುತ್ತೇವೆ. ಡಬ್ಬಿ ಎರಡು ತಿಂಗಳು ಬೀರುವಿನ ಮೇಲೆ ಕೂತಿತು. ಒಂದು ದಿನ ಅವರೇ ಇಳಿಸಿ ತಂದು, "ನೋಡು, ನಾನು ಹೇಳ್ತೀನಿ, ನೀನು ಮಾಡು. ಕಸೂತಿ ಹಾಕೋ ಕೈಗೆ ಇದೇನು ಮಹಾ" ಎಂದರು. ಇದೇನು ಮಹಾ ಎಂದದ್ದು ನನಗೆ ಧೈರ್ಯ ಹೇಳುವುದಕ್ಕೋ ತಮಗೆ ತಾವು ಹೇಳಿಕೊಳ್ಳುವುದಕ್ಕೋ, ನಾನು ಕೇಳಲಿಲ್ಲ.

ಡಬ್ಬಿಯ ಮೇಲೆ 1/24 ಎಂದು ಬರೆದಿತ್ತು. ಅಸಲಿ ಕಾರಿನ ಇಪ್ಪತ್ತನಾಲ್ಕು ಅಂಗುಲ ಇಲ್ಲಿ ಒಂದು ಅಂಗುಲ. ಅಡಿ ಅಂಗುಲಗಳ ಲೆಕ್ಕದ ಕಾಲದಲ್ಲಿ ಹುಟ್ಟಿದ ಪ್ರಮಾಣ ಇದು, ಒಂದು ಅಡಿಗೆ ಅರ್ಧ ಅಂಗುಲ. ಇದರ ದುಪ್ಪಟ್ಟು, ಅಂದರೆ ಅಡಿಗೆ ಒಂದು ಅಂಗುಲದ್ದು, ಇಂಗ್ಲಿಷರ ಗೊಂಬೆಮನೆಗಳ ಅಳತೆ. ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಯ ಗೊಂಬೆಮನೆ ಇದೆಯಲ್ಲ, ನಮ್ಮ ದೆಹಲಿಯ ರಾಷ್ಟ್ರಪತಿ ಭವನವನ್ನು ಕಟ್ಟಿಸಿದ ಲುಟ್ಯೆನ್ಸ್ ಸಾಹೇಬರೇ ಅದನ್ನೂ ರೂಪಿಸಿದ್ದು. ಅದು ಪೂರ್ತಿಯಾದದ್ದು ಇದೇ 1924ರಲ್ಲಿ. ಅದರ ನಲ್ಲಿಯಲ್ಲಿ ನೀರು ಬರುತ್ತದೆ, ಗ್ಯಾರೇಜಿನಲ್ಲಿ ಪುಟ್ಟ ಕಾರುಗಳೂ ನಿಂತಿವೆ. ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವ ನಮಗೆ ದೊಡ್ಡದನ್ನು ಚಿಕ್ಕದು ಮಾಡಿ ನೋಡುವ ಸುಖ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಗೊಂಬೆಗಳಿಗೆ ಅಳತೆಯ ಹಂಗಿಲ್ಲ. ಪಟ್ಟದ ರಾಜನಿಗಿಂತ ಶೆಟ್ಟಿಯ ಹೊಟ್ಟೆಯೇ ದೊಡ್ಡದಿದ್ದರೂ ಯಾರೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಬುಗಾಟಿಯ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಎರಡು ಮೀಟರು ನಲವತ್ತು ಸೆಂಟಿಮೀಟರು. ನನ್ನ ಮೇಜಿನ ಮೇಲೆ ಅದು ಸರಿಯಾಗಿ ಹತ್ತು ಸೆಂಟಿಮೀಟರು ಬರಬೇಕು. ನಮ್ಮವರು ಸ್ಕೇಲು ಇಡಿಸಿ ಅಳೆಸಿದರು. ಬಂತು.

ಈ ಬಿಡಿಭಾಗದ ಕಿಟ್ಟುಗಳ ಚರಿತ್ರೆ ಬಹಳ ಹಳೆಯದಲ್ಲ. ಪ್ಲಾಸ್ಟಿಕ್ಕಿನಲ್ಲಿ ಮೊದಲು ಬಂದವು 1936ರಲ್ಲಿ, ಇಂಗ್ಲೆಂಡಿನಲ್ಲಿ. ಅವು ವಿಮಾನಗಳು. ಆ ಕಂಪೆನಿಯ ಉಳಿದ ಆಟದ ವಿಮಾನಗಳು ಹಾರುತ್ತಿದ್ದವು, ಇವು ಹಾರುತ್ತಿರಲಿಲ್ಲ. ಅದಕ್ಕೇ ಹಾರದ ಹಕ್ಕಿಯ ಹೆಸರು ಹಿಡಿದು ಇವನ್ನು ಪೆಂಗ್ವಿನ್ ಎಂದು ಕರೆದರು. ನನಗೆ ಹಿಡಿಸಿದ ಕಥೆ ಏರ್‌ಫಿಕ್ಸ್ ಕಂಪೆನಿಯದು. ನಿಕೊಲಸ್ ಕೋವ್ ಎಂಬ ಹಂಗೇರಿಯವನು 1939ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ್ದು. ಮೊದಲು ರಬ್ಬರಿನ ಆಟದ ಸಾಮಾನು, ಯುದ್ಧ ಮುಗಿದ ಮೇಲೆ ಬಾಚಣಿಗೆ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿ ತುಂಬುವ ಯಂತ್ರವನ್ನು ಅವನು ತರಿಸಿದ್ದು ಬಾಚಣಿಗೆಗೆಂದೇ. ಆಮೇಲೆ ಫರ್ಗುಸನ್ ಟ್ರ್ಯಾಕ್ಟರಿನವರು ತಮ್ಮ ಮಾರಾಟಗಾರರ ಕೈಯಲ್ಲಿ ಕೊಡಲು ಒಂದು ಪುಟ್ಟ ಟ್ರ್ಯಾಕ್ಟರು ಮಾಡಿಕೊಡಿ ಎಂದರು. ಅದನ್ನು ಜೋಡಿಸುವುದೇ ತಲೆನೋವಾಯಿತು. ಹಾಗಾದರೆ ಕೊಳ್ಳುವವರೇ ಜೋಡಿಸಿಕೊಳ್ಳಲಿ ಎಂದು ಬಿಡಿಭಾಗವಾಗಿಯೇ ಅಂಗಡಿಗೆ ಬಿಟ್ಟರು! 1952ರಲ್ಲಿ ಗೋಲ್ಡನ್ ಹೈಂಡ್ ಎಂಬ ಹಡಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ಶಿಲ್ಲಿಂಗಿಗೆ ಮಾರಿದ ಮೇಲೆ ಇಂಗ್ಲೆಂಡಿನ ಹುಡುಗರಿಗೆಲ್ಲ ಈ ಹುಚ್ಚು ಹಿಡಿಯಿತು. ಜಪಾನಿನ ಶಿಜುವೊಕದಲ್ಲಿ ಮರದ ವ್ಯಾಪಾರದಿಂದ ಶುರುವಾದ ತಮಿಯಾ ಕಂಪೆನಿ 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂತು. ಒಂದು ಪೋರ್ಷೆ ಕಾರನ್ನು ಸರಿಯಾಗಿ ಚಿಕ್ಕದು ಮಾಡಬೇಕೆಂದು ಅವರು ಅಸಲಿ ಕಾರನ್ನೇ ಕೊಂಡು ತಂದು, ಒಂದೊಂದು ಭಾಗವಾಗಿ ಬಿಚ್ಚಿ ಅಳೆದರಂತೆ. ಇದನ್ನು ಹೇಳುವಾಗ ನಮ್ಮವರ ಮುಖದಲ್ಲಿ ಭಕ್ತಿ ಇತ್ತು. ಬಿಚ್ಚಿದವರ ಮೇಲೆ ಅವರಿಗೆ ಯಾವತ್ತೂ ಭಕ್ತಿ. ನಮ್ಮ ಮನೆಯ ಮಿಕ್ಸಿಯನ್ನು ಕೇಳಿದರೆ ಅದೂ ಹೇಳುತ್ತದೆ.

ಡಬ್ಬಿ ಬಿಚ್ಚಿದರೆ ಕಾರಿಲ್ಲ. ಪ್ಲಾಸ್ಟಿಕ್ಕಿನ ಚೌಕಟ್ಟುಗಳಿಗೆ ಹುಣಿಸೆಕಾಯಿ ಗೊಂಚಲಿನ ಹಾಗೆ ತುಂಡುಗಳು ಜೋತುಬಿದ್ದಿರುತ್ತವೆ, ಪ್ರತಿಯೊಂದಕ್ಕೂ ಒಂದು ನಂಬರು. ಜೊತೆಗೆ ಒಂದು ದೊಡ್ಡ ಹಾಳೆ, ಅದರಲ್ಲಿ ಕಾರು ಸಿಡಿದು ಚೂರಾದ ಹಾಗೆ ಚಿತ್ರ. ಬಾಣದ ಗುರುತು ಹಿಡಿದು ಚೂರುಗಳನ್ನು ಹಿಂದಕ್ಕೆ ಕರೆತರಬೇಕು. ಚೌಕಟ್ಟಿನಿಂದ ತುಂಡನ್ನು ಮುರಿಯಬಾರದು, ಕತ್ತರಿಸಬೇಕು. ಕತ್ತರಿಸಿದಲ್ಲಿ ಉಳಿಯುವ ಮೊಟಕನ್ನು ಉಪ್ಪುಕಾಗದದಿಂದ ತಿಕ್ಕಬೇಕು. ಅಂಟು ಎಂದು ಕರೆಯುವುದು ನಿಜವಾಗಿ ಅಂಟಲ್ಲ. ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಒಂದಿಷ್ಟು ಕರಗಿಸುತ್ತದೆ. ಎರಡು ಕರಗಿದ ಅಂಚುಗಳು ಒಂದರೊಳಗೊಂದು ಸೇರಿ, ದ್ರಾವಣ ಹಾರಿಹೋದ ಮೇಲೆ ಒಂದೇ ಆಗುತ್ತವೆ. "ಬೆಸುಗೆ ಕಣೇ ಇದು, ಬೆಂಕಿ ಇಲ್ಲದ ಬೆಸುಗೆ" ಎಂದರು ನಮ್ಮವರು. ಅಲ್ಲಿಂದ ನನಗೆ ಅದರ ವಾಸನೆಯ ಮೇಲಿನ ಸಿಟ್ಟು ಕಡಿಮೆಯಾಯಿತು. ಕಿಟಕಿ ಮಾತ್ರ ತೆರೆದೇ ಇಡುತ್ತಿದ್ದೆ.

ಬೇಕಾದ ಸಲಕರಣೆ ಹೆಚ್ಚಿಲ್ಲ. ಹೊಲಿಗೆ ಪೆಟ್ಟಿಗೆಯಲ್ಲಿ ಅರ್ಧ ಇತ್ತು, ಉಳಿದರ್ಧ ನಮ್ಮವರ ಹಳೆಯ ಡಬ್ಬದಲ್ಲಿತ್ತು. ಚಿಮಟ, ಸಣ್ಣ ಕಟರು, ಬಟ್ಟೆ ಒಣಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು, ಅಂಟು ಮುಟ್ಟಿಸಲು ಹಲ್ಲುಕಡ್ಡಿ. ಗಾಳಿ ಬೀಸಿದರೆ ಹಾರುವಷ್ಟು ಚಿಕ್ಕ ತುಂಡುಗಳನ್ನು ತಟ್ಟೆಯಲ್ಲಿ ಹರಡಿ, ಮೇಲೆ ಬಲೆಯ ಮುಚ್ಚಳ ಮುಚ್ಚುತ್ತಿದ್ದೆ. ಹಾಲಿಗೆ ಮುಚ್ಚುವ ಮುಚ್ಚಳ.

ಈಗ ಬುಗಾಟಿಯ ಮನೆತನದ ವಿಷಯ. ಎತ್ತೋರೆ ಬುಗಾಟಿ ಹುಟ್ಟಿದ್ದು 1881ರಲ್ಲಿ, ಇಟಲಿಯ ಮಿಲಾನಿನಲ್ಲಿ. ತಂದೆ ಕಾರ್ಲೋ ಮರದ ಪೀಠೋಪಕರಣಗಳ ಕಲಾವಿದ. ತಮ್ಮ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪ ಮಾಡುತ್ತಿದ್ದವನು. ಮೃಗಾಲಯಕ್ಕೆ ಹೋಗಿ ಪ್ರಾಣಿಗಳ ಎದುರಿಗೇ ಕೂತು ಮಾಡುತ್ತಿದ್ದ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಪ್ಯಾರಿಸ್ಸಿನಲ್ಲಿ ಪ್ರಾಣ ಕಳೆದುಕೊಂಡ. ವಯಸ್ಸು ಮೂವತ್ತೊಂದು. ಮುಂದೆ ಅಣ್ಣ ಮಾಡಿದ ರೊಯಾಲ್ ಎಂಬ ಭಾರಿ ಕಾರಿನ ಮೂತಿಯ ಮೇಲೆ ನಿಂತ ಆನೆ ಈ ತಮ್ಮನ ಕೈಯದು. ಅಣ್ಣನಿಗೆ ಯಂತ್ರದ ಗೀಳು. 1909ರಲ್ಲಿ ಆಲ್ಸೇಸ್ ಸೀಮೆಯ ಮೋಲ್ಸೈಮಿನಲ್ಲಿ ಪಾಳುಬಿದ್ದ ಒಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯನ್ನು ಹಿಡಿದು ಸ್ವಂತ ಕಾರು ಮಾಡತೊಡಗಿದ. ಆಗ ಆ ಊರು ಜರ್ಮನಿಯದು, ಯುದ್ಧ ಮುಗಿದ ಮೇಲೆ ಫ್ರಾನ್ಸಿನದು. ಹಾಗಾಗಿ ಇಟಲಿಯವನು, ಜರ್ಮನಿಯ ನೆಲದಲ್ಲಿ ಶುರುಮಾಡಿದ ಕಾರ್ಖಾನೆಯಲ್ಲಿ, ಫ್ರಾನ್ಸಿನ ನೀಲಿ ಬಣ್ಣದ ಕಾರು ಮಾಡಿದ. ಆ ಕಾಲದಲ್ಲಿ ರೇಸಿನ ಕಾರುಗಳ ಬಣ್ಣ ದೇಶದ ಲೆಕ್ಕದಲ್ಲಿ. ಇಟಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ.

ನಾನು ಕಟ್ಟಿದ ಮಾದರಿಗೆ ಟೈಪ್ 35 ಎಂದು ಹೆಸರು. ಮೊದಲ ಸಲ ಅದು ಓಡಿದ್ದು 1924ರ ಆಗಸ್ಟ್ 3ರಂದು, ಲಿಯೋನ್ ಊರಿನಲ್ಲಿ, ಫ್ರೆಂಚ್ ಗ್ರಾಂಪ್ರಿಯಲ್ಲಿ. ಅಂಥ ಚೆಲುವಿನ ಕಾರು ಅಲ್ಲಿಯವರೆಗೆ ರೇಸಿಗೆ ಬಂದಿರಲಿಲ್ಲವೆಂದು ನೋಡಿದವರೆಲ್ಲ ಬೆರಗಾದರು. ಆದರೆ ಟೈರುಗಳ ರಬ್ಬರು ಹದವಾಗಿ ಬೆಂದಿರಲಿಲ್ಲ, ಓಡುತ್ತ ಓಡುತ್ತ ಸುಲಿದುಬಂತು. ಬುಗಾಟಿಯ ತಂಡದಲ್ಲಿ ಮುಂದಿದ್ದವನಿಗೆ ಸಿಕ್ಕಿದ್ದು ಏಳನೆಯ ಸ್ಥಾನ. ಮದುವೆಮನೆಯಲ್ಲಿ ಅತಿ ಚೆಂದದ ಸೀರೆ ಉಟ್ಟವಳ ಚಪ್ಪಲಿಯ ಬಾರು ಹರಿದ ಹಾಗೆ. ಮುಂದಿನ ವರ್ಷದಿಂದ ಹಣೆಬರಹ ಬದಲಾಯಿತು. ಸಿಸಿಲಿ ದ್ವೀಪದ ಬೆಟ್ಟಗಳಲ್ಲಿ ನಡೆಯುತ್ತಿದ್ದ ತಾರ್ಗಾ ಫ್ಲೋರಿಯೋ ಪಂದ್ಯವನ್ನು 1925ರಿಂದ 1929ರವರೆಗೆ ಐದು ವರ್ಷವೂ ಬುಗಾಟಿಯೇ ಗೆದ್ದಿತು.

ಮುಂದಿನ ಆಕ್ಸಲ್ಲನ್ನು ಜೋಡಿಸಲು ನನಗೆ ಎರಡು ಮಧ್ಯಾಹ್ನ ಹಿಡಿಯಿತು. ಸಾಮಾನ್ಯ ಕಾರುಗಳಲ್ಲಿ ಸ್ಪ್ರಿಂಗಿನ ಪಟ್ಟಿಯನ್ನು ಆಕ್ಸಲ್ಲಿನ ಮೇಲೋ ಕೆಳಗೋ ಕಟ್ಟುತ್ತಾರೆ. ಬುಗಾಟಿ ಟೊಳ್ಳು ಆಕ್ಸಲ್ಲು ಮಾಡಿಸಿ, ಅದರಲ್ಲಿ ಚೌಕನೆಯ ಕಂಡಿ ಬಿಡಿಸಿ, ಸ್ಪ್ರಿಂಗನ್ನು ಆ ಕಂಡಿಯೊಳಗಿಂದಲೇ ತೂರಿಸಿದ. ಕಡಿಮೆ ತೂಕ, ಹೆಚ್ಚು ಬಿಗಿ, ಕಣ್ಣಿಗೂ ಅಚ್ಚುಕಟ್ಟು. ಅಕ್ಕಿಕಾಳಿನಷ್ಟು ಕಂಡಿಯಲ್ಲಿ ಎಳೆಯ ಹಾಗಿನ ಪಟ್ಟಿಯನ್ನು ತೂರಿಸುವಾಗ ಸೂಜಿಗೆ ದಾರ ಪೋಣಿಸಿದ ನಲವತ್ತು ವರ್ಷದ ಅಭ್ಯಾಸ ಕೆಲಸಕ್ಕೆ ಬಂತು. ನಮ್ಮವರು ಪಕ್ಕದಲ್ಲಿ ಭೂತಗನ್ನಡಿ ಹಿಡಿದುಕೊಳ್ಳಲು ನೋಡಿದರು. ಕನ್ನಡಿ ನಡುಗಿ ಆಕ್ಸಲ್ಲು ಅಲೆಯಾಡಿತು. ಅದನ್ನು ಪುಸ್ತಕದ ರಾಶಿಗೆ ಒರಗಿಸಿಟ್ಟು, ಕೈ ಮಡಿಲಲ್ಲಿಟ್ಟುಕೊಂಡು, "ಎಡಕ್ಕೆ. ಇನ್ನೊಂದು ಚೂರು. ಸಾಕು" ಎನ್ನುತ್ತ ಕೂತರು. ಸ್ವಲ್ಪ ಹೊತ್ತು ನಾವಿಬ್ಬರೂ ಬೇರೆ ಏನೂ ಮಾತಾಡಲಿಲ್ಲ.

ಗಾಲಿಗಳ ಕಥೆಯೂ ಚೆನ್ನ. ಆಗಿನ ಕಾರುಗಳಿಗೆ ಸೈಕಲ್ಲಿನಂತೆ ತಂತಿಯ ಕಡ್ಡಿಯ ಗಾಲಿ. ಇವನು ಅಲ್ಯೂಮಿನಿಯಮ್ಮನ್ನು ಎರಕ ಹೊಯ್ಯಿಸಿ ಎಂಟು ಅಗಲ ಕಡ್ಡಿಯ ಗಾಲಿ ಮಾಡಿಸಿದ. ಬ್ರೇಕಿನ ಡ್ರಮ್ಮೂ ಅದರೊಂದಿಗೇ ಸೇರಿಕೊಂಡದ್ದು. ಗಾಲಿ ಕಳಚಿದರೆ ಡ್ರಮ್ಮೂ ಜೊತೆಗೆ ಬರುತ್ತದೆ, ಟೈರು ಬದಲಿಸುವಾಗಲೇ ಬ್ರೇಕು ಸವೆದಿದೆಯೋ ಎಂದು ನೋಡಿಬಿಡಬಹುದು. ರೇಡಿಯೇಟರು ಕುದುರೆಯ ಲಾಳದ ಆಕಾರ. ಎಂಜಿನ್ನಿನಲ್ಲಿ ಎಂಟು ಸಿಲಿಂಡರು ಒಂದೇ ಸಾಲಿನಲ್ಲಿ. ಇಬ್ಬರು ಕೂರುವ ಜಾಗ ಅಷ್ಟು ಇಕ್ಕಟ್ಟು, ಗೇರಿನ ಹಿಡಿಯೂ ಕೈಬ್ರೇಕೂ ಮೈಯ ಹೊರಗೇ ಇರಬೇಕಾಯಿತು. ಚಾಲಕ ಬಲಗೈಯನ್ನು ಹೊರಕ್ಕೆ ಚಾಚಿ ಗೇರು ಬದಲಿಸಬೇಕು.

ಈ ಗೇರಿನ ಹಿಡಿಯನ್ನು ಅಂಟಿಸಿದ ದಿನವೇ ನಾನು ಎಲಿಷ್ಕಾಳ ವಿಷಯ ಓದಿದ್ದು. ಕಿಟ್ಟಿನ ಹಾಳೆಯಲ್ಲಿ ಅವಳ ಹೆಸರಿಲ್ಲ. ಬುಗಾಟಿ ನಡೆಸಿದವರು ಯಾರ್ಯಾರು ಎಂದು ಹುಡುಕುತ್ತ ಹೋದಾಗ ಸಿಕ್ಕವಳು. ಎಲಿಷ್ಕಾ ಯುಂಕೋವಾ. ಹುಟ್ಟಿದ್ದು 1900ರ ನವೆಂಬರ್ 16, ಮೊರಾವಿಯಾದ ಓಲೊಮೊಟ್ಸ್ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ, ಮುಂದೆ ಚೆಕೊಸ್ಲೊವಾಕಿಯ. ತುಂಬು ಸಂಸಾರದ ಹುಡುಗಿ, ಹದಿನಾರಕ್ಕೇ ಬ್ಯಾಂಕಿನ ಕೆಲಸಕ್ಕೆ ಸೇರಿದವಳು. ಅಲ್ಲಿ ಪರಿಚಯವಾದವನು ಚೆನ್ಯೆಕ್ ಯುನೆಕ್, ಕಾರಿನ ಹುಚ್ಚಿನ ಯುವಕ. 1922ರಲ್ಲಿ ಮದುವೆ. ಚೆಕ್ ಭಾಷೆಯಲ್ಲಿ ಗಂಡನ ಮನೆತನದ ಹೆಸರಿಗೆ ಬಾಲ ಸೇರಿಸಿ ಹೆಂಡತಿಗೆ ಕರೆಯುತ್ತಾರೆ, ಯುನೆಕ್‌ನ ಹೆಂಡತಿ ಯುಂಕೋವಾ. ನಮ್ಮಲ್ಲಿ ಗೌಡನ ಹೆಂಡತಿ ಗೌಡ್ತಿ ಆಗುವಂತೆ.

ಚೆನ್ಯೆಕ್‌ನ ಕೈಗೆ ಮೊದಲ ಮಹಾಯುದ್ಧದಲ್ಲಿ ಪೆಟ್ಟಾಗಿತ್ತು. ಗೇರು ಬದಲಿಸುವುದು ಕಷ್ಟ. ಎಲಿಷ್ಕಾ ಮೊದಲು ಪಕ್ಕದ ಸೀಟಿನಲ್ಲಿ ಮೆಕ್ಯಾನಿಕ್ಕಾಗಿ ಕೂತಳು, ಆಮೇಲೆ ಸ್ಟೀರಿಂಗಿನ ಹಿಂದೆ.

ಈ ಸಾಲನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ನಮ್ಮವರು ಪೇಪರು ಮಡಚಿ ಕೆಳಗಿಟ್ಟರು. "ಮತ್ತೊಂದ್ಸಲ ಓದು" ಎಂದರು. ಓದಿದೆ. "ಅವನಿಗೆ ಬೇಜಾರಾಗಿರಲಿಲ್ವಂತಾ?" ಎಂದರು. ಅದು ಬರೆದಿಲ್ಲ ಎಂದೆ. "ಬರೆಯಲ್ಲ ಬಿಡು" ಎಂದು ಎದ್ದು ಹಿತ್ತಿಲಿಗೆ ಹೋದರು. ಅರ್ಧ ಗಂಟೆಯ ಮೇಲೆ ಬಂದು, ಗೇರಿನ ಹಿಡಿಯ ತುದಿಗೆ ಕಪ್ಪು ಬಣ್ಣ ಹಾಕಬೇಕು, ಮರೆಯಬೇಡ ಎಂದರು.

ಅವರಿಗೆ ಉತ್ತರ ನಾನು ಹೇಳಲಾರೆ. ಚೆನ್ಯೆಕ್ ಮಾತ್ರ ಮುನಿಸಿಕೊಂಡು ಮನೆಯಲ್ಲಿ ಕೂತವನಲ್ಲ. ದಂಪತಿ ಒಟ್ಟಿಗೆ ಊರೂರು ಸುತ್ತಿದರು, ಬುಗಾಟಿಗಳನ್ನು ಕೊಂಡರು, ಮೋಲ್ಸೈಮಿನ ಎತ್ತೋರೆ ಬುಗಾಟಿಗೆ ಸ್ನೇಹಿತರಾದರು. 1927ರಲ್ಲಿ ಅವಳು ಮೊದಲ ಸಲ ತಾರ್ಗಾ ಫ್ಲೋರಿಯೋಗೆ ಹೋದಳು. ಮೊದಲ ಸುತ್ತಿನಲ್ಲಿ ನಾಲ್ಕನೆಯವಳಾಗಿದ್ದಳು, ಎರಡನೆಯದರಲ್ಲಿ ಸ್ಟೀರಿಂಗು ಮುರಿದು ನಿಂತಳು.

ತಾರ್ಗಾ ಎಂದರೆ ಏನೆಂದು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ವಿಂಚೆಂಜೊ ಫ್ಲೋರಿಯೋ ಎಂಬ ಸಿಸಿಲಿಯ ಸಿರಿವಂತ 1906ರಲ್ಲಿ ಶುರುಮಾಡಿದ ಪಂದ್ಯ ಅದು. ರೇಸಿಗೆಂದು ಕಟ್ಟಿದ ಹಾದಿಯಲ್ಲ, ಮದೊನಿಯೆ ಬೆಟ್ಟಗಳ ಹಳ್ಳಿರಸ್ತೆ. ನಮ್ಮ ಚಾರ್ಮಾಡಿಯೋ ಶಿರಾಡಿಯೋ ಹಳೆಯ ಕಾಲದಲ್ಲಿ ಇದ್ದ ಹಾಗೆ ಎಂದುಕೊಳ್ಳಿ. ಡಾಮರಿಲ್ಲ, ಕಲ್ಲು, ದೂಳು, ತಿರುವಿನ ಮೇಲೆ ತಿರುವು. ನಡುವೆ ಹಳ್ಳಿಗಳು. ಒಂದು ಸುತ್ತಿಗೆ 108 ಕಿಲೋಮೀಟರು, ಅಂಥ ಐದು ಸುತ್ತು, ಒಟ್ಟು 540. ಗೆದ್ದವನಿಗೂ ಏಳು ಗಂಟೆಗೆ ಮೇಲೆ ಬೇಕು. ತೋಳಿನ ಬಲವೇ ಬಲ ಎಂದು ಎಲ್ಲರೂ ನಂಬಿದ್ದ ಪಂದ್ಯ.

ಎಲಿಷ್ಕಾಳಿಗೆ ತೋಳಿನಲ್ಲಿ ಗಂಡಸರನ್ನು ಸರಿಗಟ್ಟುವುದು ಆಗದ ಮಾತೆಂದು ಗೊತ್ತಿತ್ತು. 1928ಕ್ಕೆ ಅವಳು ಮಾಡಿದ್ದು ಇದು. ಪಂದ್ಯಕ್ಕೆ ಬಹಳ ಮುಂಚೆ ಸಿಸಿಲಿಗೆ ಬಂದು ಆ ದಾರಿಯನ್ನು ಕಾಲ್ನಡಿಗೆಯಲ್ಲಿ ನಡೆದು ನೋಡಿದಳು. ಯಾವ ತಿರುವಿಗೆ ಮುಂಚೆ ಯಾವ ಗುರುತು, ಯಾವ ಮರ, ಯಾವ ಬಂಡೆ, ಎಲ್ಲಿ ರಸ್ತೆ ಕಣ್ಣಿಗೆ ಮೋಸಮಾಡುತ್ತದೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಳು. ಇವತ್ತು ಎಲ್ಲ ರೇಸಿನವರೂ ಪಂದ್ಯಕ್ಕೆ ಮುಂಚೆ ಹಾದಿಯನ್ನು ನಡೆದು ನೋಡುತ್ತಾರೆ. ಹಾಗೆ ಮಾಡಿದ ಮೊದಲಿಗರಲ್ಲಿ ಅವಳನ್ನು ಎಣಿಸುತ್ತಾರೆ. ನನಗೆ ಇದನ್ನು ಓದಿ ಆಶ್ಚರ್ಯವಾಗಲಿಲ್ಲ. ಹೊಸ ಅಡಿಗೆಮನೆಗೆ ಕಾಲಿಟ್ಟ ಸೊಸೆ ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಡಬ್ಬಿಗಳ ಜಾಗ ಕಲಿಯುತ್ತಾಳಲ್ಲ, ಅದೇ ಬುದ್ಧಿ. ಬಲವಿದ್ದವರು ಕಲಿಯುವ ಗೋಜಿಗೆ ಹೋಗುವುದಿಲ್ಲ.

ಮೇ 6ರಂದು ಪಂದ್ಯ. ಎರಡನೆಯ ಸುತ್ತು ಮುಗಿದಾಗ ಎಲ್ಲರಿಗಿಂತ ಮುಂದೆ ಇದ್ದವಳು ಅವಳು. ಹಿಂದೆ ಇದ್ದವರು ಸಾಮಾನ್ಯರಲ್ಲ. ಅಲ್ಬೆರ್ ದಿವೊ, ಕಂಪಾರಿ, ಶಿರೊನ್, ಮುಂದೆ ಜಗತ್ತೇ ಕೊಂಡಾಡಿದ ನುವೊಲಾರಿ. ಆಮೇಲಿನ ಸುತ್ತುಗಳಲ್ಲಿ ಕಂಪಾರಿ, ದಿವೊ ಹತ್ತಿರ ಹತ್ತಿರ ಬಂದರು. ಕೊನೆಯ ಸುತ್ತಿನಲ್ಲಿ ಅವಳ ಕಾರಿನ ನೀರಿನ ಪಂಪು ಕೈಕೊಟ್ಟಿತು. ಎಂಜಿನ್ನು ಕಾಯತೊಡಗಿತು, ಕಾರನ್ನು ಉಳಿಸಿಕೊಂಡು ನಿಧಾನವಾಗಿ ಬರಬೇಕಾಯಿತು. ಗೆದ್ದವನು ದಿವೊ. ಎಲಿಷ್ಕಾಳದು ಐದನೆಯ ಸ್ಥಾನ. ನುವೊಲಾರಿ ಅವಳ ಹಿಂದೆಯೇ ಉಳಿದ.

ಇದಾಗಿ ಎರಡು ತಿಂಗಳು ಕಳೆದಿತ್ತು ಅಷ್ಟೆ. ಜುಲೈ 15, ಜರ್ಮನಿಯ ನ್ಯೂರ್ಬುರ್ಗ್‌ರಿಂಗ್‌ನಲ್ಲಿ ಜರ್ಮನ್ ಗ್ರಾಂಪ್ರಿ. ಚೆನ್ಯೆಕ್ ನಡೆಸುತ್ತಿದ್ದ ಬುಗಾಟಿ ಹಾದಿ ತಪ್ಪಿ ಉರುಳಿತು. ಅವನು ಅಲ್ಲೇ ತೀರಿಕೊಂಡ. ಎಲಿಷ್ಕಾ ಕಾರುಗಳನ್ನು ಮಾರಿದಳು, ಮತ್ತೆ ಯಾವತ್ತೂ ಪಂದ್ಯಕ್ಕೆ ಇಳಿಯಲಿಲ್ಲ. ಅವಳಿಗೆ ಆಗ ಇಪ್ಪತ್ತೇಳು ವರ್ಷ.

ಇಷ್ಟು ಹೇಳಿದಾಗ ನಮ್ಮ ಪಕ್ಕದ ಮನೆಯವರು "ಗಂಡ ಹೋದ ಮೇಲೆ ಬಿಟ್ಟಳು ಅನ್ನಿ, ನಮ್ಮವರ ಹಾಗೇ" ಎಂದು ನಿಟ್ಟುಸಿರು ಬಿಟ್ಟರು. ನನಗೆ ಹಾಗೆ ಕಾಣುವುದಿಲ್ಲ. ಅವಳು ಬಿಟ್ಟದ್ದು ಪಂದ್ಯವನ್ನು, ರಸ್ತೆಯನ್ನಲ್ಲ. ಎತ್ತೋರೆ ಬುಗಾಟಿ ಅವಳಿಗೆ ಒಂದು ಪ್ರಯಾಣದ ಕಾರನ್ನು ಕೊಟ್ಟ. ಏಷ್ಯಾದಲ್ಲಿ ಕಾರಿನ ವ್ಯಾಪಾರಕ್ಕೆ ದಾರಿಯಿದೆಯೇ ನೋಡಿ ಬಾ ಎಂದ. ಅವಳು ಸಿಲೋನಿಗೆ ಬಂದಳು, ಹೌದು, ನಮ್ಮ ನೆರೆಯ ಸಿಲೋನಿಗೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇನ್ನೊಂದು ಮದುವೆಯಾದಳು. ಚೆಕೊಸ್ಲೊವಾಕಿಯದಲ್ಲಿ ಕಮ್ಯುನಿಸ್ಟರ ಆಡಳಿತ ಬಂದಾಗ ಇಂಥ ಸಿರಿವಂತರ ಆಟ ಆಡಿದವಳು ಎಂಬ ಕಾರಣಕ್ಕೆ ದೇಶದಿಂದ ಹೊರಗೆ ಹೋಗಲು ಬಿಡಲಿಲ್ಲ, ಜನವೂ ಹೆಚ್ಚುಕಡಿಮೆ ಮರೆತರು. 'ನನ್ನ ನೆನಪೆಂದರೆ ಬುಗಾಟಿ' ಎಂಬರ್ಥದ ಹೆಸರಿಟ್ಟು ಆತ್ಮಕಥೆ ಬರೆದಳು. ಆ ಆಡಳಿತ 1989ರಲ್ಲಿ ಕುಸಿದುಬಿದ್ದದ್ದನ್ನು ಕಣ್ಣಾರೆ ಕಂಡು, 1994ರ ಜನವರಿಯಲ್ಲಿ, ತೊಂಬತ್ತಮೂರು ತುಂಬಿದ ಮೇಲೆ ತೀರಿಕೊಂಡಳು. ಇಪ್ಪತ್ತೇಳರಿಂದ ತೊಂಬತ್ತಮೂರಕ್ಕೆ ಅರವತ್ತಾರು ವರ್ಷ. ಪಂದ್ಯದ ವರ್ಷಗಳು ಐದೋ ಆರೋ. ಉಳಿದದ್ದನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ.

ಬುಗಾಟಿ ನಡೆಸಿದ ಇನ್ನೊಬ್ಬ ಹೆಂಗಸು ಫ್ರಾನ್ಸಿನ ಎಲ್ಲೆ ನೀಸ್. ಅವಳೂ 1900ರಲ್ಲೇ ಹುಟ್ಟಿದವಳು, ನರ್ತಕಿಯಾಗಿದ್ದವಳು. 1929ರಲ್ಲಿ ಪ್ಯಾರಿಸ್ಸಿನ ಬಳಿಯ ಮೋಂಲೇರಿಯಲ್ಲಿ ಹೆಂಗಸರ ಗ್ರಾಂಪ್ರಿ ಗೆದ್ದಳು, ಆಮೇಲೆ ಗಂಡಸರ ಜೊತೆ ಪಂದ್ಯಗಳಲ್ಲಿ ಓಡಿದಳು. 1936ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಅವಳ ಕಾರು ಜನರ ಮೇಲೆ ಹಾರಿ ಹಲವರು ಸತ್ತರು, ಅವಳೇ ಬದುಕಿದ್ದು ಹೆಚ್ಚು. 1949ರಲ್ಲಿ ಮೊನಾಕೊದಲ್ಲಿ ತುಂಬಿದ ಸಭೆಯಲ್ಲಿ ಲೂಯಿ ಶಿರೊನ್, ಮೇಲೆ ಹೇಳಿದ ಅದೇ ಶಿರೊನ್, ಯುದ್ಧಕಾಲದಲ್ಲಿ ನೀನು ಜರ್ಮನರ ಗೂಢಚಾರಿಣಿ ಎಂದುಬಿಟ್ಟ. ಅದಕ್ಕೆ ಆಧಾರ ಅವತ್ತೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಮಾತು ಮಾತ್ರ ನಿಂತಿತು. ಬಡತನದಲ್ಲಿ, ಒಂಟಿಯಾಗಿ, 1984ರಲ್ಲಿ ತೀರಿಕೊಂಡಳು. ಅವಳ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೇನೆ. ನನಗೆ ಅದು ಓದಲೂ ಕಷ್ಟವಾಯಿತು.

ಇತ್ತ ಕಾರು ಬೆಳೆಯುತ್ತಿತ್ತು. ಬಣ್ಣಕ್ಕೆ ಮುಂಚೆ ಬೂದು ಬಣ್ಣದ ತೆಳುವಾದ ಪದರ ಕೊಡಬೇಕು, ಇಲ್ಲದಿದ್ದರೆ ಮೇಲಿನ ಬಣ್ಣ ಹಿಡಿಯುವುದಿಲ್ಲ. ನೀಲಿಯನ್ನು ಒಂದೇ ಸಲ ದಪ್ಪವಾಗಿ ಬಳಿಯದೆ, ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ದೋಸೆಹಂಚಿಗೆ ಎಣ್ಣೆ ಸವರಿದ ಹಾಗೆ. ಬಾನೆಟ್ಟಿನ ಮೇಲೆ ಅಡ್ಡಕ್ಕೆ ಬಿಗಿಯುವ ಚರ್ಮದ ಪಟ್ಟಿಗೆ ಕಿಟ್ಟಿನಲ್ಲಿ ಕೊಟ್ಟದ್ದು ಪ್ಲಾಸ್ಟಿಕ್ಕು. ಅದು ನನಗೆ ಒಪ್ಪಲಿಲ್ಲ. ಹಳೆಯ ಪರ್ಸಿನ ಒಳಗಿನ ತೆಳ್ಳಗಿನ ಚರ್ಮದಿಂದ ಎಳೆ ಕತ್ತರಿಸಿ ಸುತ್ತಿದೆ. ನಂಬರಿನ ಅಂಕಿಗಳು ಕಾಗದದ ಮೇಲೆ ಬರುತ್ತವೆ, ನೀರಿನಲ್ಲಿ ಅರೆಗಳಿಗೆ ನೆನೆಸಿದರೆ ಜಾರಿ ಬಿಡುತ್ತವೆ, ಅವನ್ನು ಕುಂಚದ ತುದಿಯಿಂದ ನೂಕಿ ಜಾಗಕ್ಕೆ ಕೂರಿಸಬೇಕು. ಒಂದು ದಿನ ಚಿಮಟದಿಂದ ಕನ್ನಡಿಯ ತುಂಡು ಚಿಮ್ಮಿಹೋಯಿತು. ಮನೆಯೆಲ್ಲ ಹುಡುಕಿಯಾಯಿತು, ಮೂರನೆಯ ದಿನ ಕೆಲಸದ ಹುಡುಗಿ ಮೊರದಲ್ಲಿ ಹಿಡಿದು ತಂದಳು. "ಅಮ್ಮಾ, ಇದು ನಿಮ್ಮ ಗಾಡೀದೇ ಅಲ್ವಾ?" ನಮ್ಮ ಗಾಡಿ ಅಲ್ಲ, ನಿಮ್ಮ ಗಾಡಿ ಎಂದಳು ನೋಡಿ. ನನಗೆ ಖುಷಿಯಾಯಿತು.

ಕಿಟ್ಟಿನಲ್ಲಿ ಚಾಲಕನ ಗೊಂಬೆ ಇಲ್ಲ. ಎರಡು ಸೀಟು ಖಾಲಿ. ಅದರಲ್ಲೂ ಒಂದು ವಿಚಿತ್ರ ಇದೆ. 1925ರಿಂದ ಗ್ರಾಂಪ್ರಿ ಪಂದ್ಯಗಳಲ್ಲಿ ಪಕ್ಕದ ಮೆಕ್ಯಾನಿಕ್ಕು ಕೂರಬಾರದೆಂದು ನಿಯಮ ಬಂತು, ಅಪಾಯ ಹೆಚ್ಚೆಂದು. ಆದರೆ ಅವನ ಸೀಟು ಇರಲೇಬೇಕೆಂದೂ ನಿಯಮ. ಹಾಗಾಗಿ ಆ ಕಾರುಗಳೆಲ್ಲ ಪಕ್ಕದಲ್ಲಿ ಒಂದು ಖಾಲಿ ಜಾಗವನ್ನು ಹೊತ್ತುಕೊಂಡೇ ಓಡಿದವು. ಸಿಸಿಲಿಯ ದಾರಿಯಲ್ಲಿ ಮಾತ್ರ ಎಲಿಷ್ಕಾಳ ಪಕ್ಕದಲ್ಲಿ ಮೆಕ್ಯಾನಿಕ್ಕು ಕೂತಿದ್ದ. ಪೆಟ್ರೋಲಿನ ಟ್ಯಾಂಕಿಗೆ ಗಾಳಿಯ ಒತ್ತಡ ಕೊಡುವ ಕೈಪಂಪೊಂದು ಈ ಕಾರುಗಳಲ್ಲಿ ಇರುತ್ತಿತ್ತು, ಕೈಯಿಂದ ಒತ್ತುತ್ತಿರಬೇಕು. ಮೀಟರುಗಳ ಮೇಲೆ ಕಣ್ಣಿಡಬೇಕು, ಹಿಂದೆ ಯಾರು ಬರುತ್ತಿದ್ದಾರೆಂದು ತಿರುಗಿ ನೋಡಬೇಕು, ಟೈರು ಹೋದರೆ ಇಳಿದು ಬದಲಿಸಬೇಕು. ನಾನು ಎರಡೂ ಸೀಟಿಗೆ ಒಂದೇ ಕಂದು ಬಣ್ಣ ಹಾಕಿದೆ. ಪಕ್ಕದ ಸೀಟಿಗೆ ಒಂದು ಚೂರು ಸವೆದ ಹಾಗೆ ಉಪ್ಪುಕಾಗದ ಮುಟ್ಟಿಸು ಎಂದರು ನಮ್ಮವರು. ಮುಟ್ಟಿಸಿದೆ.

ಕೊನೆಗೆ ಉಳಿದದ್ದು ರೇಡಿಯೇಟರಿನ ಮುಚ್ಚಳ, ಸಾಸಿವೆಗಿಂತ ಒಂದಿಷ್ಟು ದೊಡ್ಡದು. ಅದನ್ನು ತಾವೇ ಇಡುತ್ತೇನೆಂದರು. ಬೆಳಗಿನ ಮಾತ್ರೆ ತೆಗೆದುಕೊಂಡ ಮೇಲೆ ಒಂದಷ್ಟು ಹೊತ್ತು 'ಕೈ ತೂಕಕ್ಕೆ ಬರುತ್ತದೆ' ಎನ್ನುವುದು ಅವರ ಮಾತು. ಆ ಹೊತ್ತನ್ನು ಕಾದೆವು. ನಾನು ಕಾಫಿ ಬೆರೆಸಲು ಒಳಗೆ ಹೋಗಬೇಕೆಂದಿದ್ದೆ, ಹೋಗಲಿಲ್ಲ. ಮುಂಗೈಯನ್ನು ಮೇಜಿನ ಅಂಚಿಗೆ ಒತ್ತಿಟ್ಟುಕೊಂಡು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಚಿಮಟವನ್ನು ಲಾಳದ ಮೇಲಕ್ಕೆ ತಂದರು. ಎರಡು ಸಲ ಹಿಂದಕ್ಕೆ ತೆಗೆದರು. ಮೂರನೆಯ ಸಲ ಬಿಟ್ಟರು.

ಮುಚ್ಚಳ ಕೂತಿತು, ಎಳ್ಳಿನಷ್ಟು ಎಡಕ್ಕೆ. "ಸರಿ ಮಾಡ್ತೀಯಾ, ಅಂಟು ಇನ್ನೂ ಹಸಿ ಇದೆ" ಎಂದರು. ನಾನು ಅಂಟಿನ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದೆ.